ಅಂಗಿಯ ಬೆನ್ನು

ಮಧ್ಯಾಹ್ನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಎರಡರಲ್ಲಿ ಯಾವುದನ್ನು ಅಂದರೂ ಅದು ತನ್ನ ಬಾಯಿಂದ ಬಂದ ಮಾತು ಅನ್ನಿಸಲಾರದು ಎಂದು ಗ್ರೇಡಿ ಸ್ವೊಬೋಡಾನಿಗೆ ಬೆಳಿಗ್ಗೆ ಹಲ್ಲುಜ್ಜುವಾಗಲೇ ಹೊಳೆದಿತ್ತು. ಈಗ ಎರಡು ಸೀಟಿನ ಆ ಹಳೆಯ ವಿಮಾನದ ರೆಕ್ಕೆಯ ಕೆಳಗೆ ನಿಂತು, ಇಂಧನದಲ್ಲಿ ನೀರು ಸೇರಿದೆಯೇ ಎಂದು ಸಣ್ಣ ಗಾಜಿನ ನಳಿಗೆಗೆ ಬಸಿದುಕೊಂಡು ಬೆಳಕಿಗೆ ಹಿಡಿದರೆ, ತಿಳಿನೀಲಿ ಇಂಧನದ ಆಚೆ ಮುಸುಕಿನ ಜೋಳದ ಹೊಲ ತಲೆಕೆಳಗಾಗಿ ಕಾಣಿಸಿತು. ನೀರಿರಲಿಲ್ಲ. ಆದರೂ ಇನ್ನೊಮ್ಮೆ ಬಸಿದ. ಇತ್ತೀಚೆಗೆ ಯಾವುದನ್ನೂ ಒಂದೇ ಸಲ ನೋಡಿ ನಂಬುವುದು ಅವನಿಂದ ಆಗುತ್ತಿರಲಿಲ್ಲ. ನೋಡಿದ್ದು ತಾನೋ, ತನಗೆ ಬೇಕಾದ್ದನ್ನು ಬೇಕಾದ ಹಾಗೆ ತೋರಿಸುವ ಇನ್ಯಾವನೋ ಒಳಗೆ ಕೂತಿದ್ದಾನೋ ಎಂಬ ಗುಮಾನಿ ಈ ಬೇಸಿಗೆಯಿಂದ ಅವನ ಬೆನ್ನು ಹತ್ತಿತ್ತು.

ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿ ಗಡುವು ಕೊಟ್ಟವಳು ಒಕ್ಲಹೋಮದ ಟ್ಯಾಲಿ ಎಂಬ ಹೆಂಗಸು. ನೆಲದಡಿಯ ಎಣ್ಣೆ ಕೊಳವೆಗಳ ಮೇಲೆ ವಿಮಾನ ಹಾರಿಸಿ ಕಾವಲು ಕಾಯುವುದು ಅವಳ ಕಂಪನಿಯ ಕೆಲಸ. ನೆಲಕ್ಕೆ ಹತ್ತಿರ ಹಾರುತ್ತ, ಒಬ್ಬನೇ, ದಿನವಿಡೀ. ಎಲ್ಲಿ ಹುಲ್ಲು ಕಂದಿದೆ, ಎಲ್ಲಿ ಯಾವ ರೈತ ಮಣ್ಣು ಅಗೆಯುವ ಯಂತ್ರ ತಂದು ನಿಲ್ಲಿಸಿದ್ದಾನೆ ಎಂದು ನೋಡುತ್ತ ಹೋಗಬೇಕು. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಆದರೆ ಗಂಟೆಗಳು ರಾಶಿ ರಾಶಿ. ಗ್ರೇಡಿಗೆ ಬೇಕಾದದ್ದೂ ಗಂಟೆಗಳೇ. ಏರ್‌ಲೈನಿನ ದೊಡ್ಡ ವಿಮಾನದಲ್ಲಿ ಬಲಗಡೆಯ ಸೀಟು, ಅಂದರೆ ಸಹಪೈಲಟ್ಟಿನ ಜಾಗ, ಸಿಗಬೇಕಾದರೆ ಒಂದೂವರೆ ಸಾವಿರ ಗಂಟೆ ಹಾರಿರಬೇಕು ಎಂಬುದು ಸರ್ಕಾರದ ಕಟ್ಟಳೆ. ಆ ಗಂಟೆಗಳನ್ನು ಎಲ್ಲಿಂದ ತರುತ್ತೀಯೋ ನಿನ್ನ ಪಾಡು. ಜೊತೆಗೆ ಕಲಿತವರೆಲ್ಲ ಒಂದೊಂದು ದಿಕ್ಕು ಹಿಡಿದಿದ್ದರು. ಒಬ್ಬ ಟೆಕ್ಸಸ್ಸಿನಲ್ಲಿ ಪ್ಯಾರಾಚೂಟಿನವರನ್ನು ಮೇಲಕ್ಕೆ ಒಯ್ದು ಸುರಿದು ಬರುತ್ತಿದ್ದ. ಒಬ್ಬ ಅಲಾಸ್ಕಾದ ಹಳ್ಳಿಗಳಿಗೆ ಟಪಾಲು, ಟೊಮೇಟೊ, ಬಸುರಿ ಹೆಂಗಸರು, ಎಲ್ಲವನ್ನೂ ಒಟ್ಟಿಗೆ ಸಾಗಿಸುತ್ತಿದ್ದ. ಗ್ರೇಡಿ ಮಾತ್ರ ನೆಬ್ರಾಸ್ಕಾ ಬಿಡದೆ, ಹುಟ್ಟಿದ ಆಲ್ಡೆನ್ ಊರಿನ ಇದೇ ಪುಟ್ಟ ವಿಮಾನ ನಿಲ್ದಾಣದಲ್ಲಿ, ತಾನು ಕಲಿತ ಶಾಲೆಯಲ್ಲೇ ಮೇಷ್ಟರಾಗಿ ಉಳಿದಿದ್ದ. ಮೇಷ್ಟರ ಕೆಲಸದ ಸುಖ ಏನೆಂದರೆ ಪಕ್ಕದಲ್ಲಿ ಕೂತರೆ ಸಾಕು, ಕಲಿಯುವವರ ಗಂಟೆ ನಿನ್ನ ಲೆಕ್ಕಕ್ಕೂ ಸೇರುತ್ತದೆ. ಅವರು ಒಬ್ಬರೇ ಹಾರತೊಡಗಿದ ದಿನದಿಂದ ಸೇರುವುದಿಲ್ಲ. ಇಷ್ಟು ಸರಳವಾದ ಸಂಗತಿಯನ್ನು ಗ್ರೇಡಿ ಆದಷ್ಟೂ ಯೋಚಿಸದಿರಲು ನೋಡುತ್ತಿದ್ದ.

ಶಾಲೆಯ ಯಜಮಾನ ಆರ್ಲೋ ಕಿಟಕಿ ಪಕ್ಕದ ಮೇಜು ಬಿಟ್ಟು ಏಳುವವನಲ್ಲ. ಪ್ರಾಯದಲ್ಲಿ ಅವನೂ ಏರ್‌ಲೈನಿಗೆ ಅಂತಲೇ ಹೊರಟವನಂತೆ. ಎಲ್ಲಿ ನಿಂತ, ಯಾಕೆ ನಿಂತ ಎಂದು ಯಾರೂ ಕೇಳಿದ್ದಿಲ್ಲ. ಹುಡುಗರು ಬಂದು ಗಂಟೆ ತುಂಬಿಸಿಕೊಂಡು ಹೋಗುವುದನ್ನು ಅವನು ಬಸ್ ನಿಲ್ದಾಣದ ಹೋಟೆಲಿನವನ ಹಾಗೆ ನೋಡುತ್ತಿದ್ದ.

"ಫ್ಲೋರಿಡಾಗೆ ಹೋದ್ನಲ್ಲ ನಿನ್ನ ಸ್ನೇಹಿತ, ಏನ್ಮಾಡ್ತಿದಾನೆ?" ಎಂದು ಹೋದ ವಾರ ಕೇಳಿದ್ದ.

"ಬೀಚಿನ ಮೇಲೆ ಜಾಹೀರಾತಿನ ಬ್ಯಾನರ್ ಎಳೀತಾನೆ."

"ಬಿಯರಿನದ್ದಾ?"

"ವಕೀಲರದ್ದು. ಅಪಘಾತ ಆದ್ರೆ ನಮಗೆ ಫೋನ್ ಮಾಡಿ ಅಂತ."

"ಒಳ್ಳೇದಾಯ್ತು ಬಿಡು, ಎಳೆಯೋನಿಗೇ ಬೇಕಾಗ್ಬಹುದು." ನಕ್ಕು ಮುಗಿಸಿ, ಕಾಫಿ ಲೋಟದಿಂದ ಗೋಡೆ ತೋರಿಸಿ, "ಅದಿರ್ಲಿ, ಈ ಬೇಸಿಗೇಲಿ ನಿನ್ನ ಹೆಸರಿಂದು ಒಂದು ಚಿಂದೀನೂ ಬಂದಿಲ್ವಲ್ಲೋ ಇಲ್ಲಿಗೆ," ಅಂದಿದ್ದ. ಸುಮ್ಮನೆ ಅಂದದ್ದೋ, ಏನನ್ನೋ ಇಟ್ಟುಕೊಂಡು ಅಂದದ್ದೋ ತಿಳಿಯಲಿಲ್ಲ. ಆರ್ಲೋನ ಮುಖದಲ್ಲಿ ಎರಡಕ್ಕೂ ಒಂದೇ ಸುಕ್ಕು ಬೀಳುತ್ತಿತ್ತು.

ಆ ಗೋಡೆಯ ತುಂಬ ಅಂಗಿಗಳ ಬೆನ್ನು. ಮೊದಲ ಸಲ ಒಬ್ಬರೇ ಹಾರಿ ಇಳಿದವರ ಅಂಗಿಯ ಹಿಂಭಾಗವನ್ನು ಮೇಷ್ಟರು ಕತ್ತರಿಸಿ, ಹಾರಿದವರ ಹೆಸರು ಬರೆಸಿ, ಕೆಳಗೆ ತಮ್ಮ ಹೆಸರನ್ನೂ ಬರೆದು ಗೋಡೆಗೆ ಚುಚ್ಚಬೇಕು. ಹಿಂದಿನ ಕಾಲದಲ್ಲಿ ಮೇಷ್ಟರು ಹಿಂದಿನ ಸೀಟಿನಲ್ಲಿ ಕೂತು, ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದೆ, ಶಿಷ್ಯನ ಅಂಗಿ ಹಿಡಿದು ಎಳೆಯುತ್ತಿದ್ದರಂತೆ. ಇನ್ನು ಎಳೆಯುವುದಿಲ್ಲ ಎನ್ನುವುದಕ್ಕೆ ಈ ಕತ್ತರಿ. ಗ್ರೇಡಿಯದೂ ಒಂದಿತ್ತು ಅಲ್ಲಿ, ಶಾಲೆಯ ಫುಟ್‌ಬಾಲ್ ತಂಡದ ಕೆಂಪು ಅಂಗಿಯದು. ಕೆಳಗೆ ಹೆಸರು ಬರೆದ ಮೇಷ್ಟರು ಈಗ ಡೆನ್ವರಿನಲ್ಲಿ ಕ್ಯಾಪ್ಟನ್. ಮೆಸೇಜು ಹಾಕಿದರೆ ಉತ್ತರ ಬರುವುದಿಲ್ಲ, ಗೋಡೆಯ ಮೇಲಿನ ಹೆಸರು ಮಾತ್ರ ಹಾಗೇ ಇದೆ. ಗ್ರೇಡಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ತಾನೂ ಹಾಗೇ ಉತ್ತರ ಕೊಡದವನಾಗುತ್ತೇನೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ.

ಲವೋನ್ ಟೀಟ್ಜೆನ್‌ಳ ಕಾರು ಜಲ್ಲಿ ಹಾದಿಯಲ್ಲಿ ಬಂದು ನಿಂತಿತು. ಆಲ್ಡೆನ್ನಿನ ಮುಖ್ಯ ಬೀದಿಯಲ್ಲಿ ಅವಳದು ಕೂದಲು ಕತ್ತರಿಸುವ ಅಂಗಡಿ. ವಯಸ್ಸು ಅರವತ್ತು ದಾಟಿದೆ. ಊರಿನ ಅರ್ಧ ತಲೆಗಳು ಅವಳ ಕೈಯಲ್ಲೇ ಬೆಳೆದವು, ಗ್ರೇಡಿಯದೂ ಸೇರಿ. ಗಂಡಸರ ಬೋಳು ಯಾವ ವರ್ಷ ಎಲ್ಲಿಂದ ಶುರುವಾಯಿತು ಎಂದು ಹೇಳಬಲ್ಲವಳು. ಅಂಥವಳು ಹಾರಲು ಯಾಕೆ ಬಂದಳು ಎಂದು ಊರು ಆಡಿಕೊಂಡಿದ್ದುಂಟು. ಗ್ರೇಡಿ ಅವಳ ಮೂರನೆಯ ಮೇಷ್ಟರು. ಮೊದಲನೆಯವನು ಏರ್‌ಲೈನಿಗೆ ಹೋದ, ಎರಡನೆಯವನೂ ಹೋದ, ಪ್ರತಿ ಸಲ ಹೊಸಬ ಬಂದಾಗಲೂ ಮೊದಲಿಂದ ಶುರು. ಅಣ್ಣನ ಅಂಗಿ ತಮ್ಮನಿಗೆ ದಾಟುವ ಹಾಗೆ ಅವಳು ಕೈಯಿಂದ ಕೈಗೆ ದಾಟಿ ಏಪ್ರಿಲ್ಲಿನಲ್ಲಿ ಗ್ರೇಡಿಯ ಪಾಲಿಗೆ ಬಂದಿದ್ದಳು. ಬಂದ ದಿನವೇ ಹೇಳಿದ್ದಳು: "ನೀನು ಹೋಗೋಕೆ ಮುಂಚೆ ನನ್ನನ್ನ ಒಂದ್ಸಲ ಒಬ್ಳೇ ಹಾರೋಕೆ ಬಿಡ್ತೀಯಾ ಮರಿ? ಲೈಸೆನ್ಸು ಗೀಸೆನ್ಸು ಎಲ್ಲ ದೂರದ ಮಾತು. ಪಕ್ಕದ ಸೀಟು ಖಾಲಿ ಇರೋದನ್ನ ನೋಡ್ಬೇಕು, ಅಷ್ಟೇ."

ಬಿಡ್ತೀನಿ ಎಂದಿದ್ದ. ಜೂನ್ ತಿಂಗಳ ಒಂದು ಬೆಳಿಗ್ಗೆ, ಎಲೆ ಅಲುಗದ ಹೊತ್ತಿನಲ್ಲಿ, ಅವಳು ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗದಂತೆ ಇಳಿಸಿದ್ದಳು. ಅವನ ಕೈ ತಾನಾಗಿ ಬಾಗಿಲ ಹಿಡಿಗೆ ಹೋಗಿತ್ತು, ಇಳಿದು ಬಿಡೋಣ, ಇವಳು ಹೋಗಿ ಬರಲಿ ಎಂದು. ಆ ವಾರವೇ ಅವನ ಇನ್ನಿಬ್ಬರು ಶಿಷ್ಯರು ಪಾಠ ನಿಲ್ಲಿಸಿದ್ದರು. ಉಳಿದವಳು ಇವಳೊಬ್ಬಳೇ. ಕೈ ಹಿಡಿಯಿಂದ ವಾಪಸು ಬಂತು. "ಇನ್ನೊಂದ್ಸಲ ಹೋಗೋಣ," ಅಂದಿತ್ತು ಬಾಯಿ. ಅಂದ ಮೇಲೆ ಅದಕ್ಕೆ ಕಾರಣ ಬೇಕಾಯಿತು, ಹುಡುಕಿದಾಗ ಸಿಕ್ಕಿತು ಕೂಡ: ಇವಳ ವಿಮಾನ ಇಳಿಯುವಾಗ ನೆಲಕ್ಕೆ ಬಡಿದು ಒಮ್ಮೆಯೂ ಚೆಂಡಿನ ಹಾಗೆ ನೆಗೆದಿಲ್ಲ. ನೆಗೆದಾಗ ಏನು ಮಾಡುತ್ತಾಳೆ ಎಂದು ನೋಡದೆ ಬಿಡುವುದು ಹೇಗೆ? ನೆಗೆದಾಗ ಗಾಬರಿಯಾಗಿ ಮೂಗು ಕೆಳಗೆ ಒತ್ತಿದವರು ವಿಮಾನದ ಮುಂದಿನ ಚಕ್ರ ಮುರಿದುಕೊಂಡಿದ್ದಾರೆ, ಕತ್ತೂ ಮುರಿದುಕೊಂಡಿದ್ದಾರೆ. ಇದು ಸುಳ್ಳಲ್ಲ. ಆದ್ದರಿಂದ ಇಡೀ ಬೇಸಿಗೆ ಅವನು ಅವಳ ವಿಮಾನ ನೆಗೆಯಲಿ ಎಂದು ಕಾದ. ಅವಳು ಇಡೀ ಬೇಸಿಗೆ ಸರಿಯಾಗಿ ಇಳಿಸಿದಳು. ಪ್ರತಿ ಸಲವೂ ಅವನು ಒಂದೊಂದು ತಪ್ಪು ಹುಡುಕಿದ: ಸ್ವಲ್ಪ ಎಡಕ್ಕೆ ಹೋಯ್ತು, ಸ್ವಲ್ಪ ವೇಗ ಜಾಸ್ತಿಯಾಯ್ತು, ಕಣ್ಣು ದೂರಕ್ಕಿರ್ಲಿ. ಅವಳು "ಸರಿ ಮರಿ" ಎಂದು ಮುಂದಿನ ವಾರ ಮತ್ತೆ ಬಂದಳು, ಅದೇ ಸಾಸಿವೆ ಬಣ್ಣದ ಅಂಗಿಯಲ್ಲಿ. ಯಾವುದೋ ಬೌಲಿಂಗ್ ತಂಡದ್ದು, ಜೇಬಿನ ಮೇಲೆ ಯಾರೋ ಬೇರೆಯವರ ಹೆಸರು. ಒಂದು ವಾರವೂ ತಪ್ಪದ ಆ ಅಂಗಿಯನ್ನು ನೋಡಿ ಅವನು ಫ್ಲೋರಿಡಾದ ಸ್ನೇಹಿತನಿಗೆ "ಸಾಸಿವೆ ಬಂತು" ಎಂದು ಮೆಸೇಜು ಹಾಕುತ್ತಿದ್ದ, ಅವನು ನಗುವ ಮುಖ ಕಳಿಸುತ್ತಿದ್ದ. ಒಮ್ಮೆ ಹಾಗೆ ಬರೆಯುತ್ತಿದ್ದಾಗ ಅವಳು ಹಿಂದೆಯೇ ಬಂದು ನಿಂತಿದ್ದಳು. ಓದಿದಳೋ ಇಲ್ಲವೋ ಈ ಹೊತ್ತಿಗೂ ಗೊತ್ತಿಲ್ಲ. ನೆನೆದರೆ ಕಿವಿ ಬಿಸಿಯಾಗುತ್ತದೆ.

ಇವತ್ತು ಸಾಸಿವೆ ಇರಲಿಲ್ಲ. ಕಾರಿನಿಂದ ಇಳಿದವಳು ಸಣ್ಣ ಬಿಳಿ ಹೂವಿನ ನೀಲಿ ಬ್ಲೌಸು ತೊಟ್ಟಿದ್ದಳು. ಇಸ್ತ್ರಿಯ ಗೆರೆ ತೋಳಿನ ಮೇಲೆ ನೆಟ್ಟಗಿತ್ತು.

"ಏನು, ಮದುವೆಗಾ?" ಎಂದ ಗ್ರೇಡಿ.

"ನಿನ್ನ ಜೊತೆ ಹಾರೋಕೆ ಒಳ್ಳೆ ಬಟ್ಟೆ ಹಾಕ್ಬಾರ್ದಾ? ತಗೋ, ನಿಮ್ಮಮ್ಮ ಅಂಗಡಿಗೆ ಬಂದಿದ್ಳು, ಕೊಲಾಚೆ ಬನ್ನು ಕೊಟ್ಟಿದಾಳೆ. ಗಸಗಸೆದು. ಅವಳ ಕೂದ್ಲು ಉದುರ್ತಿದೆ, ನೀನು ಏನಾದ್ರೂ ಒಂದು ತೀರ್ಮಾನ ಮಾಡು ಅಂತ ಹೇಳು ಅಂದ್ಳು."

"ಎರಡಕ್ಕೂ ಏನು ಸಂಬಂಧ?"

"ತಾಯಂದಿರ ಕೂದ್ಲಿಗೆ ಬೇರೆ ಕಾರಣ ಇರುತ್ತೇನೋ?" ಎಂದು ಅವಳು ರೆಕ್ಕೆಯ ಕೆಳಗೆ ಬಗ್ಗಿ, ಅವನು ಆಗಲೇ ಎರಡು ಸಲ ನೋಡಿದ್ದ ಇಂಧನವನ್ನು ಮೂರನೆಯ ಸಲ ಬಸಿದು ಬೆಳಕಿಗೆ ಹಿಡಿದಳು. ನಳಿಗೆಯನ್ನು ಬಲಗಣ್ಣಿಗೆ ಹತ್ತಿರ ಹಿಡಿದುಕೊಂಡಿದ್ದು ಅವನಿಗೆ ಕಂಡಿತು. ಕಂಡದ್ದನ್ನು ಅಲ್ಲಿಗೇ ಬಿಟ್ಟ.

ಮೇಲೇರಿದರು. ಗಾಳಿ ದಕ್ಷಿಣದಿಂದ ಹದವಾಗಿತ್ತು. ರನ್‌ವೇಗೆ ಸಮನಾಗಿ ವಾಪಸು ಬರುವ ಹಾದಿಯಲ್ಲಿ ಎಡಕ್ಕೆ ಧಾನ್ಯದ ಕಣಜದ ಗೋಪುರ, ಪಕ್ಕದಲ್ಲಿ ರೈಲು ಹಳಿ, ದೂರದಲ್ಲಿ ಪ್ಲಾಟ್ ನದಿಯ ಹಲವು ಎಳೆಗಳು. ಲವೋನ್ ಮಾತಾಡದೆ ಹಾರಿಸುತ್ತಿದ್ದಳು. ಕೈಗೆ ಏನೂ ಕೆಲಸವಿಲ್ಲದೆ ಕೂತ ಗ್ರೇಡಿ ಕೆಳಗೆ ನೋಡಿದ. ಹೋದ ವರ್ಷ ಊರಿನವರು ನೀರಿನ ಕೊಳವೆ ಹೂಳಿದ ಜಾಗದಲ್ಲಿ ಹೊಲದ ನಡುವೆ ಒಂದು ನೇರ ಪಟ್ಟೆ, ಅಲ್ಲಿ ಜೋಳ ಒಂದಿಷ್ಟು ಗಿಡ್ಡ, ಬಣ್ಣವೂ ಬೇರೆ. ನಡೆಯುವವರಿಗೆ ಕಾಣದ್ದು. ಆ ಪಟ್ಟೆಯನ್ನು ನೋಡುತ್ತಿದ್ದ ಹಾಗೆ ಯಾವ ಮುನ್ಸೂಚನೆಯೂ ಇಲ್ಲದೆ ಅವನ ಮನಸ್ಸು ಹಗುರಾಯಿತು. ಹೀಗೆ ದಿನವಿಡೀ ನೋಡುತ್ತ ಹೋಗಬಹುದು, ಪಕ್ಕದಲ್ಲಿ ಯಾರೂ ಇರುವುದಿಲ್ಲ, ಆ ಗಂಟೆಗಳು ಯಾರ ಕೈಯಿಂದಲೂ ಕಿತ್ತುಕೊಂಡವಲ್ಲ. ಯಾರಿಗೂ ಮುಖ ತೋರಿಸಬೇಕಾಗಿಲ್ಲ. ಹೋಗ್ತೀನಿ, ಅಂದುಕೊಂಡ. ತೀರ್ಮಾನವೆಂದರೆ ಇಷ್ಟೇನೇ ಎಂದು ಆಶ್ಚರ್ಯವಾಯಿತು. ಮೂರು ವಾರ ನಿದ್ದೆಗೆಟ್ಟದ್ದು ಯಾತಕ್ಕೋ.

ಅಷ್ಟರಲ್ಲಿ ಅವಳು ತಿರುಗಿ, ಇನ್ನೊಮ್ಮೆ ತಿರುಗಿ, ಇಳಿಸಿದಳು. ಗ್ರೇಡಿ ಅಭ್ಯಾಸಬಲದಿಂದ ತಪ್ಪು ಹುಡುಕಲು ಬಾಯಿ ತೆರೆದ. ಸಿಗಲಿಲ್ಲ. ಸ್ವಲ್ಪ ಎಡಕ್ಕೆ ಹೋಗಿತ್ತು, ಆದರೆ ಸ್ವಲ್ಪ ಎಡಕ್ಕೆ ಎಲ್ಲರೂ ಹೋಗುತ್ತಾರೆ, ತಾನೂ ಹೋಗುತ್ತೇನೆ. ಹೋದ ವಾರದ ಲ್ಯಾಂಡಿಂಗೂ ಹೀಗೇ ಇತ್ತಲ್ಲವೇ? ಜುಲೈದು? ಇವಳು ಈಗ ಕಲಿತಳೋ, ಅಥವಾ ಇವಳ ಗಂಟೆಗಳು ತನಗೆ ಬೇಡವಾದ ಕ್ಷಣವೇ ಕಣ್ಣಿನ ಪೊರೆ ಜಾರಿತೋ? ಎರಡನೆಯದೇ ನಿಜವಾದರೆ ತಾನು ಕಳ್ಳ. ಮೊದಲನೆಯದು ನಿಜವಾದರೆ ಇವತ್ತು, ಊರು ಬಿಡುವ ಅವಸರದಲ್ಲಿ, ಒಳಗಿನ ಅಳುಕು ತೀರಲಿ ಎಂದು, ಇವಳನ್ನು ಒಬ್ಬಳನ್ನೇ ಮೇಲಕ್ಕೆ ಕಳಿಸುವುದು ಇನ್ನೂ ದೊಡ್ಡ ತಪ್ಪಾಗಬಹುದು. ಯೋಚಿಸಿದಷ್ಟೂ ಎರಡೂ ಒಂದರ ಮುಖ ಒಂದು ತೊಟ್ಟುಕೊಂಡವು. ವಿಮಾನ ರನ್‌ವೇ ಬಿಟ್ಟು ಪಕ್ಕದ ಹಾದಿಗೆ ಬಂದಿತ್ತು.

"ಇಲ್ಲೇ ನಿಲ್ಲಿಸಿ," ಎಂದ.

"ಏನಾಯ್ತು? ಎಡಕ್ಕೆ ಹೋಯ್ತು ಅಲ್ವಾ?"

"ಇಲ್ಲ. ನಾನು ಇಳೀತೀನಿ. ಮೂರು ಸುತ್ತು ಹೊಡ್ಕೊಂಡು ಬನ್ನಿ."

ಲವೋನ್ ಅವನ ಕಡೆ ತಿರುಗಿದಳು. ನಗಲಿಲ್ಲ. ತುಂಬ ಹೊತ್ತು, ಕನ್ನಡಿಯಲ್ಲಿ ತಲೆಯನ್ನು ಅಳೆಯುವ ಹಾಗೆ, ಅವನನ್ನು ನೋಡಿದಳು. "ಇವತ್ತಾ?" ಎಂದಳು.

"ಬೇಡ್ವಾ?"

"ಬೇಡ ಅಂದ್ನಾ?" ಎಂದಳು ತಟ್ಟನೆ. "ಸಹಿ ಹಾಕಿ ಇಳಿ. ಮನಸ್ಸು ಬದಲಾಯಿಸ್ಬೇಡ."

ಒಬ್ಬಳೇ ಹಾರಬಹುದು ಎಂದು ಅವಳ ಹಾರಾಟದ ಪುಸ್ತಕದಲ್ಲಿ ಸಹಿ ಹಾಕಿ, ಕೈಯಲ್ಲಿ ಹಿಡಿಯುವ ರೇಡಿಯೋ ತೆಗೆದುಕೊಂಡು, ಸುತ್ತುವ ಪ್ರೊಪೆಲರಿಗೆ ದೂರವಾಗಿ ಬಾಲದ ಹಿಂದಿನಿಂದ ನಡೆದು ಅವನು ಹುಲ್ಲಿನ ಮೇಲೆ ನಿಂತ. ಇಳಿದ ಮೇಲೆ ವಿಮಾನ ಎಷ್ಟು ಚಿಕ್ಕದಾಗಿ ಕಾಣುತ್ತದೆ ಎನ್ನುವುದನ್ನು ಮೇಷ್ಟರುಗಳು ಯಾರಿಗೂ ಹೇಳುವುದಿಲ್ಲ. ಅದು ಹೋಯಿತು. ಒಬ್ಬರ ಭಾರ ಕಡಿಮೆಯಾದದ್ದಕ್ಕೆ ಬೇಗ ನೆಲ ಬಿಟ್ಟಿತು. ರೇಡಿಯೋದಲ್ಲಿ ಅವಳ ದನಿ, ಅಂಗಡಿಯಲ್ಲಿ ಮುಂದಿನ ಗಿರಾಕಿಯನ್ನು ಕರೆಯುವ ಅದೇ ದನಿ, ತಾನೆಲ್ಲಿದ್ದೇನೆ ಎಂದು ಆಕಾಶಕ್ಕೆ ಹೇಳುತ್ತಿತ್ತು. ಮೊದಲನೆಯ ಲ್ಯಾಂಡಿಂಗನ್ನು ಗ್ರೇಡಿ ಕಣ್ಣು ಕೀಳದೆ ನೋಡಿದ. ಹಿಂದಿನ ಎರಡು ಚಕ್ರ ಮುಟ್ಟಿದವು, ಮೂಗು ನಿಧಾನ ಬಾಗಿತು, ಚೆನ್ನಾಗಿತ್ತು. ಗೊತ್ತಿಲ್ಲದೆಯೇ ತಲೆದೂಗಿದ. ಇದು ಖುಷಿಯೋ ನಾಚಿಕೆಯೋ ಎಂದು ಕೇಳಿಕೊಳ್ಳುವಷ್ಟರಲ್ಲಿ ವಿಮಾನ ಮತ್ತೆ ಮೇಲೇರಿ ಎಡಕ್ಕೆ ಹೊರಳಿತ್ತು.

ಅದು ಸುತ್ತು ಮುಗಿಸಿ ರನ್‌ವೇ ಕಡೆ ತಿರುಗುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಒಕ್ಲಹೋಮದ ನಂಬರು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ತೆಗೆಯದಿದ್ದರೆ? ಆಮೇಲೆ ಮಾಡಬಹುದು. ಆಮೇಲೆ ಅವಳು ತೆಗೆಯದಿದ್ದರೆ?

"ಸ್ವೊಬೋಡಾ ತಾನೆ?" ಟ್ಯಾಲಿಯ ದನಿ. "ಮಧ್ಯಾಹ್ನದ ತನಕ ಕಾಯೋಣ ಅಂತಿದ್ದೆ, ಆದ್ರೆ ಇನ್ನೊಬ್ಬ ಹುಡುಗ ಬಾಗಿಲಲ್ಲೇ ನಿಂತಿದಾನೆ. ಬರ್ತೀಯೋ, ಅವನನ್ನ ಒಳಗೆ ಕರೀಲೋ?"

ಗಾಳಿ ಫೋನಿನೊಳಗೆ ನುಗ್ಗುತ್ತಿತ್ತು. ಗ್ರೇಡಿ ಫೋನನ್ನು ಗಾಳಿಗೆ ಮರೆ ಮಾಡಿಕೊಂಡು ರನ್‌ವೇಗೆ ಬೆನ್ನಾಗಿ ತಿರುಗಿದ, ರೇಡಿಯೋ ಹಿಡಿದ ಕೈಯಿಂದ ಇನ್ನೊಂದು ಕಿವಿ ಮುಚ್ಚಿದ. "ಬರ್ತೀನಿ. ಬರ್ತೀನಿ ಮೇಡಂ."

"ಒಳ್ಳೇದು. ಒಂದು ಮಾತು ಮೊದ್ಲೇ ಹೇಳಿರ್ತೀನಿ. ಬೆಳಗಿಂದ ಸಾಯಂಕಾಲದ ತನಕ ಕೆಳಗೇ ನೋಡ್ತಿರ್ಬೇಕು. ಬೇಜಾರಾಗುತ್ತೆ. ಕಣ್ಣು ಆಚೆ ಈಚೆ ಹೋಗೋರು ನಂಗೆ ಬೇಡ."

"ಇಲ್ಲ ಮೇಡಂ, ಹೋಗಲ್ಲ."

"ಸೋಮವಾರ ಬಾ ಹಾಗಾದ್ರೆ."

ತಿರುಗಿದಾಗ ರನ್‌ವೇ ಖಾಲಿಯಿತ್ತು. ಆಕಾಶವನ್ನೆಲ್ಲ ಹುಡುಕಿದ. ಆಮೇಲೆ ದೂರದ ತುದಿಯ ಆಚೆ, ಕಣಜದ ಗೋಪುರದ ಎತ್ತರಕ್ಕೆ, ಬಿಳಿ ವಿಮಾನ ಏರುತ್ತಿದ್ದುದು ಕಂಡಿತು. ಮುಟ್ಟಿ, ಮತ್ತೆ ಎದ್ದು ಹೋಗಿತ್ತು. ಸರಿಯಾಗಿಯೇ ಇಳಿದಿರಬೇಕು, ಇಲ್ಲದಿದ್ದರೆ ಏರುತ್ತಿರಲಿಲ್ಲವಲ್ಲ. ಮೂರನೆಯದನ್ನು ಅವನು ಎರಡು ಪಟ್ಟು ಗಮನದಿಂದ ನೋಡಿದ, ನೋಡದೆ ಬಿಟ್ಟದ್ದನ್ನೂ ಇದರಲ್ಲೇ ಸೇರಿಸಿ ನೋಡುವವನ ಹಾಗೆ. ಅದರಲ್ಲಿ ಕುಂದೇನೂ ಇರಲಿಲ್ಲ.

ಎಂಜಿನ್ ನಿಲ್ಲಿಸಿ ಇಳಿದ ಲವೋನ್ ರೆಕ್ಕೆಯ ಆಸರೆ ಹಿಡಿದುಕೊಂಡು ನಿಂತು, "ಎಷ್ಟು ಸದ್ದಿತ್ತು ಗೊತ್ತಾ ನಿನ್ನ ಸೀಟಲ್ಲಿ, ನೀನು ಇಲ್ದೇನೂ," ಎಂದಳು. "ಎಡಕ್ಕೆ ಹೋಯ್ತು, ಎಡಕ್ಕೆ ಹೋಯ್ತು ಅಂತ." ಗ್ರೇಡಿ ನಗಲು ನೋಡಿದ.

ಆಫೀಸಿನಲ್ಲಿ ಆರ್ಲೋ ಎದ್ದು ನಿಂತಿದ್ದ. ಅವನು ಎದ್ದು ನಿಂತದ್ದನ್ನು ಗ್ರೇಡಿ ನೋಡಿದ್ದು ಕಡಿಮೆ. ಡ್ರಾಯರಿನಿಂದ ಉದ್ದನೆಯ ಕತ್ತರಿ ತೆಗೆದು ಮೇಜಿನ ಮೇಲಿಟ್ಟ. ಗ್ರೇಡಿ ಕತ್ತರಿ ಎತ್ತಿಕೊಂಡವನು ಆ ನೀಲಿ ಬ್ಲೌಸಿನ ಬೆನ್ನು ನೋಡಿ ನಿಂತುಬಿಟ್ಟ.

"ಇದು ಹೊಸದಿದ್ದಂಗಿದೆ. ಇನ್ನೊಂದು ದಿನ ಆ ಸಾಸಿ... ಆ ಹಳೇದು ತಂದ್ಬಿಡಿ, ಅದನ್ನ ಕತ್ತರಿಸೋಣ."

"ಸಾಸಿವೆದಾ?" ಎಂದಳು ಲವೋನ್ ಬೆನ್ನು ತಿರುಗಿಸಿಕೊಂಡೇ. ಗ್ರೇಡಿಯ ಕಿವಿ ಸುಟ್ಟಿತು. "ಅದು ಕತ್ತರಿಸ್ಲಿ ಅಂತ್ಲೇ ಹಳೇ ಬಟ್ಟೆ ಅಂಗಡೀಲಿ ತಗೊಂಡಿದ್ದು ಮರಿ, ಏಪ್ರಿಲ್ಲಲ್ಲಿ. ಯಾವತ್ತು ಬಿಡ್ತೀಯೋ ಏನೋ ಅಂತ ಪ್ರತಿ ವಾರ ಹಾಕ್ಕೊಂಡು ಬರ್ತಿದ್ದೆ. ಹೋದ ವಾರ ಮನೆಗೆ ಹೋಗಿ, ಸಾಕು ಅಂತ ಹರಿದು, ಅಂಗಡೀಲಿ ಕೂದ್ಲಿಗೆ ಹಚ್ಚೋ ಬಣ್ಣದ ಕೈ ಒರೆಸೋಕೆ ಇಟ್ಕೊಂಡೆ. ಇವತ್ತು ಕೊನೇದಲ್ವಾ ಅಂತ ಒಳ್ಳೇದು ಹಾಕ್ದೆ. ಕತ್ತರಿಸು. ಒಳಗೆ ಬನಿಯನ್ ಇದೆ, ನಾಚ್ಕೋಬೇಡ."

"ಕೊನೇದು ಅಂದ್ರೆ?"

"ಮೊದ್ಲು ಕತ್ತರಿಸು."

ಅವನು ಕತ್ತರಿಸತೊಡಗಿದ. ಬಟ್ಟೆ ಮೆತ್ತಗಿತ್ತು, ಜಾರುತ್ತಿತ್ತು, ಕತ್ತರಿ ಅಗಿಯಿತು. "ಓರೆಯಾಗಿ ಹೋಗ್ತಿದ್ದೀಯ," ಎಂದಳು ಅವಳು ನೋಡದೆಯೇ. "ಕತ್ತರಿ ಹಿಡ್ಕೊಳ್ಳೋದೇ ಹಾಗಾ? ಬಟ್ಟೇನ ಬಿಗಿಯಾಗಿ ಹಿಡಿ." ಬೆನ್ನು ಕಳಚಿ ಅವನ ಕೈಗೆ ಬಂತು, ಅವಳ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಅವಳು ಕುರ್ಚಿಯಲ್ಲಿ ಕೂತು, ಸ್ವೆಟರು ಹೆಗಲ ಮೇಲೆ ಎಳೆದುಕೊಂಡು, ಹವಾಮಾನದ ಸುದ್ದಿ ಹೇಳುವವಳಂತೆ ಹೇಳಿದಳು. ಎಡಗಣ್ಣಿನಲ್ಲಿ ಏನೋ ಶುರುವಾಗಿದೆ. ಇವತ್ತಿಗೆ ತೊಂದರೆಯಿಲ್ಲ, ಡಾಕ್ಟರು ಪರೀಕ್ಷೆ ಮಾಡಿ ಹಾರಬಹುದು ಎಂದಿದ್ದಾರೆ. ಆದರೆ ಹಾರುವುದಕ್ಕೆ ಬೇಕಾದ ಆರೋಗ್ಯದ ಪತ್ರದ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮತ್ತೆ ಸಹಿ ಹಾಕುವುದಿಲ್ಲವಂತೆ. ಮುಂದಿನ ವಾರದಿಂದ ಒಮಾಹಾದಲ್ಲಿ ಕಣ್ಣಿಗೆ ಸೂಜಿಮದ್ದು. "ಹೇಳ್ಬಿಟ್ಟು ಹೋಗೋಣ ಅಂತ ಬಂದಿದ್ದೆ. ಇಳಿದ ಮೇಲೆ ಹೇಳೋಣ ಅಂತಿದ್ದೆ. ನೀನು ಅಷ್ಟರಲ್ಲಿ ಬಾಗಿಲು ತೆಗ್ದೆ."

"ಇವತ್ತು ಕಾಣ್ತಿತ್ತಾ?" ಅದೊಂದೇ ಮಾತು ಗ್ರೇಡಿಯ ಬಾಯಿಂದ ಹೊರಟಿತು.

"ಎಲ್ಲಾ ಕಾಣ್ತಿತ್ತು," ಎಂದಳು ಲವೋನ್. "ನನ್ನ ಅಂಗಡಿ ಚಾವಣಿ ಕಾಣ್ತು. ತಗಡು ತುಕ್ಕು ಹಿಡಿದಿದೆ." ಹಾಗೇ ಕೇಳಿದಳು: "ಜೂನಲ್ಲಿ ನಾನು ತಯಾರಿರ್ಲಿಲ್ವಾ ಗ್ರೇಡಿ?"

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆರ್ಲೋ ಕಾಫಿ ಲೋಟದೊಳಗೆ ನೋಡುತ್ತಿದ್ದ. ಗ್ರೇಡಿಗೆ ಜೂನ್ ತಿಂಗಳ ಆ ಬೆಳಿಗ್ಗೆ, ಬಾಗಿಲ ಹಿಡಿಯ ತಣ್ಣನೆಯ ಲೋಹ, ವಾಪಸು ಬಂದ ಕೈ, ಎಲ್ಲವೂ ಸ್ಪಷ್ಟವಾಗಿ ಕಂಡಿತು. ಆ ಕೈಯನ್ನು ವಾಪಸು ಎಳೆದವನ ಮುಖ ಮಾತ್ರ ಕಾಣಲಿಲ್ಲ. "ಗೊತ್ತಿಲ್ಲ," ಎಂದ. "ನಿಜವಾಗ್ಲೂ ಗೊತ್ತಿಲ್ಲ." ಜೀವನದಲ್ಲಿ ಇಷ್ಟು ನಿಜವಾದ ಮಾತನ್ನು ಅವನು ಆಡಿರಲಿಲ್ಲ. ಅದು ಕೇಳಿಸಿದ್ದು ಮಾತ್ರ ಹೇಡಿಯ ಮಾತಿನಂತೆ.

"ಹೋಗ್ಲಿ ಬಿಡು. ಮೂರು ಸಿಕ್ತಲ್ಲ." ಅವಳು ಮೇಜಿನ ಮೇಲೆ ಬಟ್ಟೆ ಹರಡಿ, ಕಪ್ಪು ಮಾರ್ಕರಿನಿಂದ ತನ್ನ ಹೆಸರು ಬರೆಯತೊಡಗಿದಳು. ಬರೆಯುತ್ತಲೇ ಕೇಳಿದಳು, "ಎರಡನೇದು ಹೇಗಿತ್ತು? ನೀನೇ ಹೇಳ್ಬೇಕು. ಹೊರಗಿಂದ ಹೇಗೆ ಕಾಣುತ್ತೆ ಅಂತ ಒಳಗಿರೋರಿಗೆ ಗೊತ್ತಾಗಲ್ವಲ್ಲ."

"ಚೆನ್ನಾಗಿತ್ತು."

"ಎಡಕ್ಕೆ?"

"ಇಲ್ಲ. ನೇರ ಬಂತು."

"ತಪ್ಪು ಏನೂ ಇರ್ಲಿಲ್ಲ?"

ಬೇಸಿಗೆಯಿಡೀ ಇಲ್ಲದ ತಪ್ಪು ಹುಡುಕಿದವನು ಈಗ ಧಾರಾಳವಾಗಿ, ಬಾಕಿ ಎಲ್ಲವನ್ನೂ ಒಂದೇ ಸಲಕ್ಕೆ ತೀರಿಸುವವನ ಹಾಗೆ, "ಒಂದೂ ಇರ್ಲಿಲ್ಲ," ಎಂದ.

ಮಾರ್ಕರು ನಿಂತಿತು. ಲವೋನ್ ತಲೆ ಎತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

"ನೆಗೀತು ಗ್ರೇಡಿ," ಎಂದಳು. "ಎರಡು ಸಲ ನೆಗೀತು, ಹಲ್ಲು ಕಟಕಟ ಅನ್ನೋ ಹಾಗೆ. ಮೂಗು ಕೆಳಗೆ ಒತ್ತಲಿಲ್ಲ ನಾನು. ನೀನು ಹೇಳ್ತಿದ್ದ ಹಾಗೇ ಹಿಡ್ಕೊಂಡು, ಒಂಚೂರು ಎಂಜಿನ್ ಕೊಟ್ಟು, ಮೆಲ್ಲಗೆ ಇಳಿಸ್ದೆ. ಆಮೇಲೆ ಅಲ್ಲಿ ಮೇಲೆ ಹೋಗ್ತಾ ಒಬ್ಳೇ ಕೂಗ್ಕೊಂಡೆ, ನೋಡಿದ್ಯೇನೋ ಮೇಷ್ಟ್ರೇ, ನೆಗೀತು ನೋಡು ಅಂತ."

ಕಿಟಕಿಯಾಚೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಒಮ್ಮೆ ಉಬ್ಬಿ ಜೋತುಬಿತ್ತು. ಆರ್ಲೋ ಕೆಮ್ಮಿದ. ಅವನು ಕಿಟಕಿಯಿಂದ ಎಲ್ಲವನ್ನೂ ನೋಡಿದ್ದನೆಂದು ಗ್ರೇಡಿಗೆ ಆಗ ಗೊತ್ತಾಯಿತು, ಲ್ಯಾಂಡಿಂಗನ್ನೂ, ಅದಕ್ಕೆ ಬೆನ್ನು ಕೊಟ್ಟು ನಿಂತವನನ್ನೂ.

"ಫೋನ್ ಬಂತು," ಎಂದ ಗ್ರೇಡಿ. "ಒಕ್ಲಹೋಮದ್ದು. ಕೊಳವೆ ಕಾಯೋ ಕೆಲ್ಸ. ಬರ್ತೀನಿ ಅಂದೆ." ಕತ್ತರಿಯನ್ನು ಮೇಜಿನ ಮೇಲೆ ಸರಿಸಿದ. "ನೋಡ್ಲಿಲ್ಲ ನಾನು. ತಪ್ಪಾಯ್ತು ಲವೋನ್."

ಲವೋನ್ ಬಟ್ಟೆಯ ಕಡೆ ಬಗ್ಗಿ ದಿನಾಂಕ ಬರೆದಳು. ಮೇಷ್ಟರ ಹೆಸರಿನ ಜಾಗ ಖಾಲಿಯಿತ್ತು. ಮಾರ್ಕರನ್ನು ಅವನ ಕಡೆ ಚಾಚಿದಳು. ಅವನು ಕೈ ನೀಡಲಿಲ್ಲ, ತಲೆಯಾಡಿಸಿದ. ಅವಳು ಇನ್ನೊಂದು ಕ್ಷಣ ಕಾದು, ತಾನೇ, ಬೆಲೆಪಟ್ಟಿ ಬರೆಯುವ ದುಂಡು ಅಕ್ಷರಗಳಲ್ಲಿ, ಗ್ರೇಡಿ ಸ್ವೊಬೋಡಾ ಎಂದು ಬರೆದಳು. ತನ್ನ ಹೆಸರಿನಷ್ಟೇ ದೊಡ್ಡದಾಗಿ.

"ಕಲಿಸಿದ್ದು ನೀನೇ ತಾನೆ," ಎಂದಳು. ಹೊಗಳಿಕೆಯೋ ಶಿಕ್ಷೆಯೋ, ಅವಳ ದನಿಯಲ್ಲಿ ಗುರುತಾಗಲಿಲ್ಲ.

ಆರ್ಲೋ ಗುಂಡುಪಿನ್ನಿನ ಡಬ್ಬಿ ಮುಂದೆ ತಳ್ಳಿದ. ಕೆಂಪು ಫುಟ್‌ಬಾಲ್ ಅಂಗಿಯ ಪಕ್ಕದಲ್ಲಿ ಜಾಗವಿತ್ತು. ಗ್ರೇಡಿ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ, ಬಟ್ಟೆ ಓರೆಯಾಗೇ ನಿಂತಿತು. ಲವೋನ್ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದವಳು, ತಿರುಗಿ, ಅವನ ಕುತ್ತಿಗೆಯ ಹಿಂದೆ ಬೆರಳಾಡಿಸಿ, "ಕೂದ್ಲು ಬೆಳೆದಿದೆ, ಹೋಗೋಕೆ ಮುಂಚೆ ಅಂಗಡಿಗೆ ಬಾ," ಎಂದಳು. ಆಮೇಲೆ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ, ಮೆಲ್ಲಗೆ: "ಅಲ್ಲಿ ಕೊಳವೆ ನೋಡ್ತಿರುವಾಗ ಫೋನ್ ಬಂದ್ರೆ ತಗೋಬೇಡ ಮರಿ."

ಅವನು ಹೊರಗೆ ಬಂದು ನಿಂತ. ಕಾರು ಜಲ್ಲಿ ಹಾದಿ ಇಳಿದು ಹೆದ್ದಾರಿ ಸೇರಿತು. ಜೇಬಿನಲ್ಲಿ ಫೋನು ನಡುಗಿತು, ಸೋಮವಾರ ಎಲ್ಲಿಗೆ ಬರಬೇಕೆಂಬ ವಿಳಾಸ ಇರಬೇಕು. ಅವನು ಅದನ್ನು ಮುಟ್ಟಲಿಲ್ಲ. ಕಾರು ಧಾನ್ಯದ ಕಣಜದ ಹಿಂದೆ ಮರೆಯಾಗುವ ತನಕ ನೋಡುತ್ತಲೇ ಇದ್ದ, ಮರೆಯಾದ ಮೇಲೂ ಸ್ವಲ್ಪ ಹೊತ್ತು ನೋಡಿದ.